ಮಿಡತೆಯ ಲೋಟದಲ್ಲಿ ಏನಿದೆ?

"ಬೇಗ ಕುಡಿ, ಬೇಗ! ದೊಡ್ಡಮ್ಮ ಆ ಕಡೆ ತಿರುಗಿದ್ದಾರೆ!"

ಮಿಡತೆ ಪಿಸುಗುಟ್ಟಿದ. ಚಿನಕುರುಳಿ ಎರಡೂ ಕೈಯಲ್ಲಿ ಲೋಟ ಹಿಡಿದು ಗಟಗಟ ಕುಡಿದಳು. ಅದು ಅವಳ ಎರಡನೇ ಲೋಟ ಹಾಲು. ಮೊದಲನೆಯದು ಅವಳದೇ. ಎರಡನೆಯದು ಮಿಡತೆಯದು.

ಮೂರು ವಾರದಿಂದ ಹೀಗೇ ನಡೆದಿತ್ತು. ಶಾಲೆಯ ಊಟದ ಕೋಣೆಯಲ್ಲಿ ಎಲ್ಲರ ತಟ್ಟೆಯ ಪಕ್ಕ ಒಂದು ಲೋಟ ಹಾಲು ಇರಲೇಬೇಕು. ಲೋಟ ಖಾಲಿಯಾಗಲೇಬೇಕು. ತಟ್ಟೆ ತೊಳೆಯುವ ಕಿಟಕಿಯ ಹತ್ತಿರ ಅಡುಗೆ ದೊಡ್ಡಮ್ಮ ನಿಂತಿರುತ್ತಿದ್ದರು. ಲೋಟವನ್ನು ತಲೆಕೆಳಗು ಮಾಡಿ ತೋರಿಸಿದವರಿಗೆ ಮಾತ್ರ ಮೈದಾನದ ಬಾಗಿಲು. ಒಂದು ಹನಿ ಬಿದ್ದರೂ ವಾಪಸ್.

"ಮೊದಲು ಲೋಟ ಖಾಲಿ, ಆಮೇಲೆ ಓಡಲಿ ಕಾಲಿ!" ಎನ್ನುತ್ತಿದ್ದರು ದೊಡ್ಡಮ್ಮ. 'ಕಾಲಿ' ಎಂಬ ಮಾತೇ ಇಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರ ಕೈಯಲ್ಲಿ ಯಾವಾಗಲೂ ಒಂದು ಉದ್ದನೆಯ ಸೌಟು ಇರುತ್ತಿತ್ತು.

ಚಿನಕುರುಳಿ ಎಂಬುದು ಅವಳಿಗೆ ಅಪ್ಪ ಇಟ್ಟ ಹೆಸರು. ಬೆಂಕಿ ತಾಗಿಸುವ ಮೊದಲೇ ಚಟಪಟ ಸಿಡಿಯುತ್ತಾಳಂತೆ. ಮಿಡತೆಗೆ ಆ ಹೆಸರು ಈ ಶಾಲೆಗೆ ಸೇರಿದ ಮೊದಲ ದಿನವೇ ಬಂದಿತ್ತು. ಮೈದಾನದ ಮರಳಿನ ಗುಂಡಿಯನ್ನು ಅವನು ಒಂದೇ ನೆಗೆತಕ್ಕೆ ದಾಟಿಬಿಟ್ಟಿದ್ದ. ನೆಗೆಯುವುದರಲ್ಲಿ ಎಷ್ಟು ಜೋರೋ ಮಾತಿನಲ್ಲಿ ಅಷ್ಟೇ ಕಡಿಮೆ. ಇಬ್ಬರೂ ಒಂದೇ ಬೆಂಚು.

ಶಾಲೆಗೆ ಸೇರಿದ ಎರಡನೇ ವಾರ ಅವನು ಚಿನಕುರುಳಿಗೆ ಒಂದು ಗುಟ್ಟು ಹೇಳಿದ್ದ. ಹಾಲು ಕುಡಿದು ಅರ್ಧ ಗಂಟೆಯಾದರೆ ಅವನ ಹೊಟ್ಟೆಯಲ್ಲಿ ಲಾರಿ ಸ್ಟಾರ್ಟ್ ಆದಂತೆ ಗುಡುಗುಡು ಸದ್ದಾಗುತ್ತದೆ. ಹೊಟ್ಟೆ ಉಬ್ಬುತ್ತದೆ, ನೋಯುತ್ತದೆ. ಆಮೇಲೆ ಓಡಬೇಕು.

"ಹಳೇ ಶಾಲೇಲಿ ನನ್ನ ಹೆಸರೇ ಲಾರಿ ಆಗೋಗಿತ್ತು. ಯಾರಿಗೂ ಹೇಳ್ಬೇಡ. ಪ್ರಾಮಿಸ್?" ಎಂದಿದ್ದ.

"ಪ್ರಾಮಿಸ್! ನನ್ನ ಬಾಯಿಗೆ ಬೀಗ!" ಎಂದು ಚಿನಕುರುಳಿ ತುಟಿಗೆ ಬೀಗ ಹಾಕಿ, ಬೀಗದ ಕೈಯನ್ನು ಕಿಟಕಿಯಿಂದ ಆಚೆ ಎಸೆದಂತೆ ಮಾಡಿದ್ದಳು.

ಇವತ್ತು ಲೋಟ ಕೆಳಗಿಡುವ ಹೊತ್ತಿಗೆ ಅವಳ ಹೊಟ್ಟೆಯೊಳಗಿಂದ ಒಂದು ಬಿಕ್ಕಳಿಕೆ ಬಂತು.

"ಹಿಕ್!"

ದೊಡ್ಡಮ್ಮ ಗರಕ್ಕನೆ ತಿರುಗಿದರು. ಸೌಟು ಹಿಡಿದೇ ಬಂದರು.

"ಏನಮ್ಮಾ, ನಿನ್ನ ಮುಂದೆ ಎರಡು ಲೋಟ?"

"ಅದು... ನಂಗೆ ಹಾಲಂದ್ರೆ ಪ್ರಾಣ ದೊಡ್ಡಮ್ಮ! ಹಿಕ್!"

"ಓಹೋ! ಹಾಗಾದ್ರೆ ಈ ಮಹಾರಾಯನದ್ದು ಎಲ್ಲಿ?"

ಮಿಡತೆ ತಲೆ ತಗ್ಗಿಸಿದ. ದೊಡ್ಡಮ್ಮ ಒಳಗೆ ಹೋಗಿ ಇನ್ನೊಂದು ಲೋಟ ತುಂಬ ಹಾಲು ತಂದು ಅವನ ಮುಂದೆ ಇಟ್ಟರು. "ಕುಡಿ ಮರಿ. ನನ್ನ ಕಣ್ಣೆದುರಿಗೇ ಕುಡಿ."

ಇಡೀ ಕೋಣೆ ಇವರನ್ನೇ ನೋಡುತ್ತಿತ್ತು. ಮಿಡತೆ ಲೋಟ ಎತ್ತಿದ. ಲೋಟದ ಅಂಚು ಇನ್ನೇನು ತುಟಿಗೆ ತಾಗಬೇಕು, ಚಿನಕುರುಳಿಗೆ ತಡೆಯಲಾಗಲಿಲ್ಲ.

"ಬೇಡ! ಅವ್ನಿಗೆ ಹಾಲು ಆಗಲ್ಲ! ಕುಡಿದ್ರೆ ಹೊಟ್ಟೇಲಿ ಲಾರಿ ಸ್ಟಾರ್ಟ್ ಆಗುತ್ತೆ! ಟಾಯ್ಲೆಟ್‌ಗೆ ಓಡ್ಬೇಕಾಗುತ್ತೆ!"



ಆಮೇಲೆ ಹಿಂದಿನ ಟೇಬಲಿನಿಂದ ಬುಗುರಿ ಎಂಬ ಹುಡುಗ "ಢರ್‌ರ್‌ರ್..." ಎಂದ. ಕೂತಲ್ಲಿ ಕೂರದೆ ತಿರುಗುತ್ತಿದ್ದುದರಿಂದ ಅವನಿಗೆ ಆ ಹೆಸರು. ಅವನು ಸ್ಟೇರಿಂಗ್ ತಿರುಗಿಸಿದಂತೆ ಕೈ ತಿರುಗಿಸಿ "ಪೋಂ ಪೋಂ!" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮಿಡತೆ ಲೋಟ ಕೆಳಗಿಟ್ಟ. ಅವನ ಕಿವಿ ಕೆಂಪಾಗಿತ್ತು. ಚಿನಕುರುಳಿಯ ಕಡೆ ಒಂದು ಸಲ ನೋಡಿದ. ಎದ್ದು ಹೊರಗೆ ಹೋಗಿಬಿಟ್ಟ.

ಅವಳ ಬಿಕ್ಕಳಿಕೆ ನಿಂತೇಹೋಯಿತು.

"ಸೈಲೆನ್ಸ್!" ದೊಡ್ಡಮ್ಮ ಸೌಟಿನಿಂದ ಟೇಬಲಿಗೆ ಒಂದು ಬಾರಿಸಿದರು. ನಗು ಬಂದ್ ಆಯಿತು. ಚಿನಕುರುಳಿಯ ತೋಳು ಹಿಡಿದು ಅಡುಗೆಮನೆಯೊಳಗೆ ಕರೆದುಕೊಂಡು ಹೋದರು. ಈಗ ಬೈಗುಳದ ಮಳೆಯೇ ಎಂದುಕೊಂಡು ಅವಳು ಕಣ್ಣು ಮುಚ್ಚಿಕೊಂಡಳು.

"ಅಲ್ಲ ಕಣಮ್ಮ, ಇದನ್ನ ನಂಗೆ ಮೊದಲೇ ಯಾಕೆ ಹೇಳ್ಲಿಲ್ಲ?"

ಚಿನಕುರುಳಿ ಒಂದು ಕಣ್ಣು ತೆರೆದಳು.

"ಹೇಳಿದ್ರೆ ನೀವು ಬೈತಿದ್ರಿ..."

"ಬೈತಿದ್ದೆ. ಬೈದು ಆಮೇಲೆ ನಿಯಮ ನೋಡ್ತಿದ್ದೆ. ಬಾ ಇಲ್ಲಿ."

ಒಲೆಯ ಎದುರಿನ ಗೋಡೆಗೆ ನಾಲ್ಕು ಹಾಳೆ ಅಂಟಿಸಿದ್ದರು. ಎಣ್ಣೆ ಸಿಡಿದು ಹಳದಿಯಾಗಿದ್ದವು. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಮೂರನೇ ಹಾಳೆಯ ಮೇಲೆ ಬೆರಳಿಟ್ಟು ಓದಿದರು.

"ನಿಯಮ ಹನ್ನೊಂದು. ಹಾಲು ಒಗ್ಗದ ಮಗುವಿಗೆ, ಮನೆಯ ಹಿರಿಯರು ಬರೆದುಕೊಟ್ಟರೆ, ಹಾಲಿನ ಬದಲು ಬೇರೆ ಪಾನೀಯ ಕೊಡಬಹುದು. ಅದು ಹಾಲಿನಷ್ಟೇ ಸತ್ವದ್ದಾಗಿರಬೇಕು. ನೀರು, ಹಣ್ಣಿನ ರಸ ನಡೆಯುವುದಿಲ್ಲ. ಲೋಟವೊಂದಕ್ಕೆ ಪ್ರೋಟೀನ್ ಎಂಟು ಗ್ರಾಂ, ಕ್ಯಾಲ್ಸಿಯಂ ಇನ್ನೂರ ಎಪ್ಪತ್ತಾರು ಮಿಲಿಗ್ರಾಂ..."

"ಹಾಗಂದ್ರೆ ಮಿಡತೆ ಹಾಲು ಕುಡೀಬೇಕಾಗಿಲ್ವಾ?"

"ಚೀಟಿ ಬಂದ್ರೆ ಬೇಕಾಗಿಲ್ಲ. ಆದ್ರೆ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಸಾಮಾನಿನ ಪಟ್ಟಿ ಕಳಿಸ್ಬೇಕು. ಅಷ್ಟರೊಳಗೆ ಬರ್ಲಿಲ್ಲ ಅಂದ್ರೆ ಮುಂದಿನ ಟರ್ಮ್‌ಗೇ. ಮತ್ತೆ ಚೀಟೀಲಿ ಏನೇನು ಇರ್ಬೇಕು ಅಂದ್ರೆ..."

ಆದರೆ ಚಿನಕುರುಳಿ ಅಲ್ಲಿರಲೇ ಇಲ್ಲ. ಅವಳ ಚಪ್ಪಲಿಯ ಪಟಪಟ ಸದ್ದು ಆಗಲೇ ಕಾರಿಡಾರಿನ ತುದಿ ಮುಟ್ಟಿತ್ತು. "ಎಂಟು, ಇನ್ನೂರ ಎಪ್ಪತ್ತಾರು! ಎಂಟು, ಇನ್ನೂರ ಎಪ್ಪತ್ತಾರು!"

ಮಧ್ಯಾಹ್ನದ ಎರಡು ಪೀರಿಯಡ್ಡು ಮಿಡತೆ ಬೆಂಚಿನ ಆ ತುದಿಗೆ ಕೂತಿದ್ದ. ಅವಳು ಪಿಸುಗುಟ್ಟಿದರೆ ಕಿಟಕಿಯ ಕಡೆ ನೋಡಿದ. ಚೀಟಿ ಬರೆದು ತಳ್ಳಿದರೆ ತೆರೆಯದೆ ವಾಪಸ್ ತಳ್ಳಿದ. ಶಾಲೆ ಬಿಟ್ಟ ಕೂಡಲೇ ಬ್ಯಾಗ್ ಹೆಗಲಿಗೇರಿಸಿ ಸರಸರ ನಡೆದ. ಚಿನಕುರುಳಿ ಹತ್ತು ಹೆಜ್ಜೆ ಹಿಂದೆ ಓಡೋಡಿ ಬಂದಳು.

"ನಿಲ್ಲೋ! ಒಂದು ನಿಮಿಷ!"

ಅವನು ತಿರುವಿನಲ್ಲಿ ನಿಂತ. ತಿರುಗಿ ನೋಡಲಿಲ್ಲ.

"ಪ್ರಾಮಿಸ್ ಮಾಡಿದ್ದೆ ನೀನು."

"ಬಾಯಿ ತಪ್ಪಿ ಬಂತು ಕಣೋ."

"ನಿನ್ನ ಬಾಯಿ ದಿನಾ ತಪ್ಪುತ್ತೆ."

ರಸ್ತೆಯಲ್ಲಿ ಒಂದು ಸೈಕಲ್ ಹೋಯಿತು, ಇನ್ನೊಂದು ಹೋಯಿತು.

"ತಪ್ಪಾಯ್ತು," ಎಂದಳು ಕೊನೆಗೆ. "ಅವರು ನಕ್ಕಾಗ ನನ್ನ ಬಿಕ್ಕಳಿಕೆನೇ ನಿಂತೋಯ್ತು."

ಮಿಡತೆ ಕಾಲಿನಿಂದ ಒಂದು ಕಲ್ಲು ಒದ್ದ.

"ಬುಗುರಿ ನಾಳೆನೂ ಢರ್ ಅಂತಾನೆ," ಎಂದ. "ಅದೇನು, ಕ್ಲಾಸಲ್ಲಿ ಎಂಟು, ಎಪ್ಪತ್ತಾರು ಅಂತ ಗೊಣಗ್ತಿದ್ದೆ?"

ಅಷ್ಟು ಸಾಕಾಯಿತು. ನಿಯಮ ಹನ್ನೊಂದು, ಹಳದಿ ಹಾಳೆ, ಒಂಬತ್ತು ಗಂಟೆ ಎಲ್ಲವೂ ಒಂದೇ ಉಸಿರಿನಲ್ಲಿ ಹೊರಗೆ ಬಂತು. ಕೇಳುತ್ತಾ ಕೇಳುತ್ತಾ ಮಿಡತೆಯ ಹುಬ್ಬು ಮೇಲೇರಿತು.

"ನಿಜವಾಗ್ಲೂ ಬರೆದಿದ್ಯಾ? ಗೋಡೆ ಮೇಲೆ?"

"ನನ್ನ ಕಣ್ಣಾರೆ ನೋಡ್ದೆ! ಆದ್ರೆ ಯಾವ ಪಾನೀಯ ಅಂತ ಗೊತ್ತಿಲ್ಲ. ಹುಡುಕ್ಬೇಕು. ಬಾ!"

ತಿರುವಿನಾಚೆ ಒಂದು ಅಂಗಡಿ. ಅಲ್ಲಿನ ಮಾವ ದೊಡ್ಡ ಹೊಟ್ಟೆಯ ಮೇಲೆ ಪೇಪರ್ ಹರಡಿಕೊಂಡು ಓದುತ್ತಿದ್ದರು. ಇಬ್ಬರೂ ಒಳಗೆ ನುಗ್ಗಿ ಕೆಳಗಿನ ಕಪಾಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಕಾಳು, ಬೀಜಗಳಿಂದ ಮಾಡಿದ ಪಾನೀಯಗಳ ಬಣ್ಣಬಣ್ಣದ ಡಬ್ಬಿಗಳು ಸಾಲಾಗಿದ್ದವು. ಒಂದೊಂದನ್ನೇ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದತೊಡಗಿದರು.

"ಬಾದಾಮಿ! ಪಟ ಎಷ್ಟು ಚೆನ್ನಾಗಿದೆ ನೋಡು. ಪ್ರೋಟೀನ್..." ಚಿನಕುರುಳಿ ಮೂಗು ಡಬ್ಬಿಗೆ ತಾಗುವಷ್ಟು ಬಗ್ಗಿದಳು. "ಒಂದು! ಬರೀ ಒಂದು ಗ್ರಾಮಾ?"

"ಅಕ್ಕಿದು ಒಂದೂ ಇಲ್ಲ," ಎಂದ ಮಿಡತೆ. "ಓಟ್ಸ್ ಮೂರು."

"ತೆಂಗಿನಕಾಯಿ... ಸೊನ್ನೆ! ಫೇಲ್!"

"ಏನ್ರಪ್ಪಾ, ಇದು ಅಂಗಡಿನಾ ಲೈಬ್ರರಿನಾ?" ಪೇಪರಿನ ಹಿಂದಿನಿಂದ ಮಾವ ಕೇಳಿದರು.

"ಪರೀಕ್ಷೆ ನಡೀತಿದೆ ಮಾವ! ಡಬ್ಬಿಗಳಿಗೆ!"

ಮೂಲೆಯಲ್ಲಿ ಒಂದು ಹಸಿರು ಡಬ್ಬಿಯಿತ್ತು. ಅದರ ಮೇಲೆ ಒಂದು ಕಾಳಿನ ಸಪ್ಪೆ ಚಿತ್ರ. ಮಿಡತೆ ಅದನ್ನು ತಿರುಗಿಸಿದ. ಓದಿದ. ಇನ್ನೊಮ್ಮೆ ಓದಿದ.

"ಸೋಯಾ. ಪ್ರೋಟೀನ್ ಎಂಟು."

"ಕ್ಯಾಲ್ಸಿಯಂ? ಕ್ಯಾಲ್ಸಿಯಂ ಎಷ್ಟು?"

"ಮುನ್ನೂರು!"

ಚಿನಕುರುಳಿ ಕೂಗಿದ ಕೂಗಿಗೆ ಮಾವನ ಪೇಪರ್ ಕೆಳಗೆ ಬಿತ್ತು. ಅವರು ಎದ್ದು ಬಂದು ವಿಷಯವೇನೆಂದು ಕೇಳಿದರು. ಚಿನಕುರುಳಿ ಬಾಯಿ ತೆರೆದಳು. ಮಿಡತೆಯ ಕಡೆ ನೋಡಿದಳು. ಬಾಯಿ ಮುಚ್ಚಿದಳು. ಮಿಡತೆಯೇ ಮೆಲ್ಲಗೆ, "ನಂಗೆ ಹಾಲು ಆಗಲ್ಲ ಮಾವ," ಎಂದ.

"ಅಯ್ಯೋ, ನಮ್ಮ ಮನೆಯವಳಿಗೂ ಆಗಲ್ಲ ಕಣಯ್ಯ! ಇದನ್ನೇ ಟೀಗೆ ಹಾಕೋದು. ಈ ಕಾಳು ತಿಂದು ಅಭ್ಯಾಸ ಇದ್ಯಾ ನಿಂಗೆ?"

"ಇದೆ. ಅಜ್ಜಿ ಪಲ್ಯ ಮಾಡ್ತಾಳೆ. ಏನೂ ಆಗಲ್ಲ."

ಮಾವ ಒಳಗಿನಿಂದ ತೆರೆದಿಟ್ಟ ಡಬ್ಬಿಯೊಂದನ್ನು ತಂದು, ಕೊನೆಯ ಅರ್ಧ ಕಪ್ಪನ್ನು ಬಗ್ಗಿಸಿಕೊಟ್ಟರು. ಮಿಡತೆ ಮೂಸಿದ. ಮುಖ ಹಿಂಡಿದ.

"ಹಸಿ ಕಾಳಿನ ವಾಸನೆ."

"ಮೂಗು ಹಿಡ್ಕೊಂಡು ಕುಡಿಯೋ!"

ಕುಡಿದ. ಈಗ ಕಾಯಬೇಕು. ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಗೋಡೆ ಗಡಿಯಾರದಲ್ಲಿ ನಾಲ್ಕೂ ಹತ್ತು. ಹತ್ತು ನಿಮಿಷವಾಯಿತು. ಚಿನಕುರುಳಿ ಬಗ್ಗಿ ಅವನ ಹೊಟ್ಟೆಗೆ ಕಿವಿಯಿಟ್ಟಳು.

"ಏನೋ ಗುರ್ ಅಂತು!"

"ಅದು ನಿನ್ನ ಹೊಟ್ಟೆ."

ಇಪ್ಪತ್ತು ನಿಮಿಷ. ಮಾವನೂ ಬಂದು ಬಾಗಿಲಿಗೆ ಒರಗಿ ನಿಂತರು. ಸಾಮಾನು ಕೊಳ್ಳಲು ಬಂದ ಹೆಂಗಸೊಬ್ಬರು ಯಾಕೆ ಎಲ್ಲರೂ ಈ ಹುಡುಗನ ಹೊಟ್ಟೆ ನೋಡುತ್ತಿದ್ದಾರೆಂದು ತಿಳಿಯದೆ ತಾವೂ ನೋಡಿದರು. ಮೂವತ್ತು ನಿಮಿಷ. ನಲವತ್ತು.

ಮಿಡತೆ ನಿಧಾನವಾಗಿ ಎದ್ದು ನಿಂತ. ಎರಡು ಸಲ ಜಿಗಿದು ನೋಡಿದ. ಅವನ ಮುಖದಲ್ಲಿ ನಗು ಅರಳಿತು.

"ಲಾರಿ ಸ್ಟಾರ್ಟೇ ಆಗ್ಲಿಲ್ಲ!"

"ಲೇಬಲ್ ತೋರಿಸೋಕೆ ಬೇಕಾಗುತ್ತೆ, ತಗೊಂಡು ಓಡಿ," ಎಂದು ಮಾವ ಖಾಲಿ ಡಬ್ಬಿ ಕೊಟ್ಟರು. ಇನ್ನು ಉಳಿದದ್ದು ಚೀಟಿ.

ಮಿಡತೆಯ ಅಪ್ಪ ಅಮ್ಮ ಬೇರೆ ಊರಿನಲ್ಲಿ ಕೆಲಸದಲ್ಲಿದ್ದರು. ಇಲ್ಲಿ ಅವನಿಗೆ ಅಜ್ಜಿಯೇ ಎಲ್ಲ. ಅಜ್ಜಿ ಬಸ್ ಡಿಪೋದಲ್ಲಿ ಹರಿದ ಸೀಟುಗಳಿಗೆ ಹೊಸ ಕವರ್ ಹೊಲಿಯುತ್ತಿದ್ದರು. ಆ ಕೋಣೆಯ ತುಂಬ ಸ್ಪಂಜಿನ ತುಂಡು, ಸುರುಳಿ ಸುತ್ತಿಟ್ಟ ನೀಲಿ ರೆಕ್ಸಿನ್, ಸೀಮೆಸುಣ್ಣದ ಪುಡಿ. ದೊಡ್ಡ ಮೆಷಿನ್ ಗಡಗಡ ಓಡುತ್ತಿತ್ತು. ಅಜ್ಜಿಯ ತುಟಿಗಳ ನಡುವೆ ಆರೇಳು ಗುಂಡುಪಿನ್ನು ಸಾಲಾಗಿದ್ದವು.

"ಅಜ್ಜಿ, ಒಂದು ಚೀಟಿ ಬರ್ಕೊಡ್ಬೇಕು!" ಎಂದು ಚಿನಕುರುಳಿ ಬಾಗಿಲಿನಿಂದಲೇ ಶುರು ಮಾಡಿದಳು. "ಇವನಿಗೆ ಶಾಲೇಲಿ ಹಾಲು ಬೇಡ, ಸೋಯಾ ಕೊಡಿ ಅಂತ! ನಾಳೆ ಒಂಬತ್ತಕ್ಕೆ..."

ಅಜ್ಜಿ ಪಿನ್ನುಗಳನ್ನು ಬಾಯಿಯ ಒಂದು ಮೂಲೆಗೆ ತಳ್ಳಿದರು. "ಹಾಲು ಬೇಡ್ವಾ? ಚೆನ್ನಾಗಿದೆ! ಹಾಲು ಕುಡಿದ ಮಕ್ಕಳೇ ಬದುಕೋದು ಕಷ್ಟ ಅಂತಾರೆ, ಇನ್ನು ಕಾಳಿನ ನೀರು ಕುಡಿದೋರು ಬದುಕ್ತಾರಾ? ನಾಳೆ ಇವರಪ್ಪ ಬಂದು ನನ್ನ ಮಗ ಯಾಕೆ ಸೊರಗಿದ್ದಾನೆ ಅಂತ ಕೇಳಿದ್ರೆ ಏನು ಹೇಳ್ಲಿ? ದಿನಾ ರಾತ್ರಿ ನನ್ನ ಕೈಯಾರೆ ಬಿಸಿ ಮಾಡಿ ಒಂದು ಲೋಟ ಕೊಡ್ತೀನಿ. ಕುಡೀತಾನಲ್ಲ? ಏನಾಗಿದೆ ಇವನಿಗೆ?"

"ಅಲ್ಲ ಅಜ್ಜಿ, ಇವನಿಗೆ ಹೊಟ್ಟೇಲಿ..."

"ತಡಿ," ಎಂದ ಮಿಡತೆ. ಅವಳ ಕೈ ಹಿಡಿದು ಹಿಂದಕ್ಕೆ ಎಳೆದ. "ನಾನೇ ಹೇಳ್ತೀನಿ."

ಚಿನಕುರುಳಿ ಹಿಂದೆ ಸರಿದು ರೆಕ್ಸಿನ್ ಸುರುಳಿಯ ಪಕ್ಕ ನಿಂತಳು. ಸುಮ್ಮನೆ ನಿಲ್ಲುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಮಿಡತೆ ಅಜ್ಜಿಯ ಹತ್ತಿರ ಹೋದ. ಬಾಯಿ ತೆರೆದ. ಮುಚ್ಚಿದ. ಮೆಷಿನ್ನಿನ ಚಕ್ರವನ್ನೇ ನೋಡಿದ. ಅವಳಿಗೆ ನಾಲಿಗೆಯ ತುದಿ ತುರಿಸುತ್ತಿತ್ತು.

"ಅಜ್ಜಿ, ರಾತ್ರಿ ಕೊಡ್ತೀಯಲ್ಲ... ಅದನ್ನ ನಾನು ಕುಡೀತಿಲ್ಲ."

ಮೆಷಿನ್ ನಿಂತಿತು.

"ಮತ್ತೆ?"

"ಸಿಂಕಿಗೆ ಸುರೀತೀನಿ. ಮೊದಲನೇ ವಾರ ಕುಡಿದೆ. ಬೆಳಗಾಗೋವರೆಗೂ ಹೊಟ್ಟೆ ನೋವು. ನೀನು ಮಲಗಿರ್ತಿದ್ದೆ, ಎಬ್ಬಿಸ್ಲಿಲ್ಲ. ದಿನವಿಡೀ ಹೊಲಿದು ಬಂದು, ನಿಂತ್ಕೊಂಡು ಹಾಲು ಕಾಯಿಸ್ತೀಯಲ್ಲ... ಬೇಡ ಅಂತ ಹೇಳೋಕೆ ಆಗ್ಲಿಲ್ಲ."

ಅಜ್ಜಿ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು.

"ಅಷ್ಟು ದಿನ ನೋವು ತಿಂದ್ಯಾ?"

ಮಿಡತೆ ತಲೆಯಾಡಿಸಿದ.

"ಹಾಲು ಚೆಲ್ಲಿದ್ದಕ್ಕೆ ನಂಗೆ ಬೇಜಾರಿಲ್ಲ ಮರಿ. ಪಕ್ಕದಲ್ಲೇ ಮಲಗಿದ್ದೆನಲ್ಲೋ ನಾನು!" ಎಂದು ಅಜ್ಜಿ ಅವನ ತಲೆಯನ್ನು ಎಳೆದು ತಮ್ಮ ಭುಜಕ್ಕೆ ಒತ್ತಿಕೊಂಡರು. ಅವನ ಕೂದಲಿಗೆಲ್ಲ ಸೀಮೆಸುಣ್ಣ ಮೆತ್ತಿಕೊಂಡಿತು. ಆಮೇಲೆ ಮೂಗು ಒರೆಸಿಕೊಂಡು, "ಎಲ್ಲಿ, ಪೇಪರ್ ಕೊಡಿ," ಎಂದರು.

ಚಿನಕುರುಳಿಗೆ ತಡೆದದ್ದು ಸಾಕಾಗಿತ್ತು. "ಪ್ರೋಟೀನ್ ಎಂಟು ಅಂತ ಬರೀರಿ ಅಜ್ಜಿ! ಕ್ಯಾಲ್ಸಿಯಂ..."

"ಅಮ್ಮಾ ತಾಯಿ, ನಾನು ಅಜ್ಜಿ, ಡಾಕ್ಟರಲ್ಲ. ನಂಗೆ ಬರೋ ಹಾಗೆ ಬರೀತೀನಿ."

ಬರೆದರು. "ನನ್ನ ಮೊಮ್ಮಗನಿಗೆ ಹಾಲು ಒಗ್ಗುವುದಿಲ್ಲ. ಹೊಟ್ಟೆ ನೋಯುತ್ತದೆ. ಅವನು ಹೇಳುವುದಿಲ್ಲ, ಆದರೆ ನೋಯುತ್ತದೆ. ದಯವಿಟ್ಟು ಸೋಯಾ ಪಾನೀಯ ಕೊಡಿ." ಕೆಳಗೆ ದೊಡ್ಡ ಸಹಿ.

ಮರುದಿನ ಎಂಟೂವರೆಗೆ ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿದ್ದರು. ಓಡಿ ಬಂದು ಏದುಸಿರು. ಚಿನಕುರುಳಿಯ ಕೈಯಲ್ಲಿ ಖಾಲಿ ಡಬ್ಬಿ, ಮಿಡತೆಯ ಕೈಯಲ್ಲಿ ಚೀಟಿ.

ಒಳಗೆ ನೋಡಿದರೆ ದೊಡ್ಡಮ್ಮನ ಒಲೆಯ ಪಕ್ಕದಲ್ಲೇ ಅಂಥದ್ದೇ ಒಂದು ಹಸಿರು ಡಬ್ಬಿ! ಪುಟ್ಟ ಪಾತ್ರೆಯಲ್ಲಿ ಏನೋ ಕಾಯುತ್ತಿತ್ತು.

"ದೊಡ್ಡಮ್ಮ! ನಿಮಗೆ ಹೇಗೆ ಗೊತ್ತಾಯ್ತು?"

"ಹನ್ನೆರಡು ವರ್ಷದಿಂದ ಅದೇ ಗೋಡೆ ನೋಡ್ತಾ ಒಲೆ ಮುಂದೆ ನಿಂತಿದ್ದೀನಿ. ನಮಗೆ ಸಿಗೋದರಲ್ಲಿ ಪಾಸಾಗೋದು ಇದೊಂದೇ."

"ಮತ್ತೆ ನಿನ್ನೆನೇ ಯಾಕೆ ಹೇಳ್ಲಿಲ್ಲ? ನಾವು ಎಷ್ಟು ಡಬ್ಬಿ ಓದಿದ್ವಿ ಗೊತ್ತಾ!"

"ಹೇಳೋಕೆ ಬಾಯಿ ತೆರೆದೆ. ನೀನು ಕಾರಿಡಾರಲ್ಲಿದ್ದೆ." ದೊಡ್ಡಮ್ಮ ಪಾತ್ರೆಯನ್ನು ಕದಡಿದರು. "ಜೋರು ಉರೀಲಿ ಒಡೆದು ಹೋಗುತ್ತೆ ಈ ಹಾಳಾದ್ದು. ಒಂದು ಸಲ ಚೆಲ್ಲಿದೆ. ಸಣ್ಣ ಉರೀಲಿ ನಿಲ್ಲುತ್ತೆ. ಎಲ್ಲಿ ಚೀಟಿ?"

ಕನ್ನಡಕ ಏರಿಸಿ ಓದಿದರು. 'ಅವನು ಹೇಳುವುದಿಲ್ಲ' ಎಂಬಲ್ಲಿ ಒಂದು ಕ್ಷಣ ನಿಂತು ಮಿಡತೆಯನ್ನು ನೋಡಿದರು. ಆಮೇಲೆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು.

"ತಾರೀಖು ಎಲ್ಲಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಬರೆದವರ ಸಹಿ, ಕಾರಣ, ತಾರೀಖು. ಮೂರೂ ಇರ್ಬೇಕು. ಅದನ್ನೂ ನಿನ್ನೆ ಹೇಳೋಕೆ ಹೊರಟಿದ್ದೆ."

"ನಾನೇ ಬರೆದುಬಿಡ್ಲಾ?" ಚಿನಕುರುಳಿ ಪೆನ್ನು ತೆಗೆದಳು.

"ಬರೆದು ನೋಡು! ಬೇರೆ ಕೈಬರಹ ಕಂಡ್ರೆ ಆಫೀಸಿನವರು ವಾಪಸ್ ಕಳಿಸ್ತಾರೆ. ಆಮೇಲೆ ಮುಂದಿನ ಟರ್ಮ್‌ಗೇ."

ಗಡಿಯಾರದಲ್ಲಿ ಎಂಟೂ ಮೂವತ್ತೆಂಟು. ದೊಡ್ಡಮ್ಮ ತಮ್ಮ ಫೋನ್ ಕೊಟ್ಟರು. ಮಿಡತೆ ಅಜ್ಜಿಯ ನಂಬರ್ ಒತ್ತಿದ. ಆ ಕಡೆಯಿಂದ ಮೆಷಿನ್ನುಗಳ ಗಡಗಡ, ಬಸ್ಸುಗಳ ಹಾರ್ನ್.

"ಅಜ್ಜಿ, ತಾರೀಖು ಬೇಕು! ತಾರೀಖು!"

"ಯಾರು? ಇಲ್ಲಿ ಯಾರೂ ಬಂದಿಲ್ಲ!"

"ಯಾರು ಅಲ್ಲ ಅಜ್ಜಿ, ತಾರೀಖು! ಚೀಟೀಲಿ..."

"ಏನು, ಏಟಾ? ಯಾರಿಗೆ ಏಟು? ಎಲ್ಲಿದ್ದೀಯೋ?"

ಲೈನ್ ಕಟ್ ಆಯಿತು. ಮತ್ತೆ ಒತ್ತಿದ. ಯಾರೂ ಎತ್ತಲಿಲ್ಲ. ಎಂಟೂ ನಲವತ್ತೈದು. ಎಂಟೂ ಐವತ್ತು. ಇಬ್ಬರೂ ಗೇಟಿಗೆ ಓಡಿದರು. ಒಳಗೆ ಬಂದ ಮಕ್ಕಳನ್ನು ಕಾವಲುಗಾರ ಹೊರಗೆ ಬಿಡುವ ಹಾಗಿಲ್ಲ. ಚಿನಕುರುಳಿ ಕಂಬಿಗಳ ಮಧ್ಯೆ ಮೂಗು ತೂರಿಸಿ ರಸ್ತೆ ನೋಡಿದಳು.

ಆಗ ತಿರುವಿನಲ್ಲಿ ಒಂದು ಬಸ್ಸು ಕಾಣಿಸಿತು. ಬೋರ್ಡಿಲ್ಲ, ಒಳಗೆ ಒಬ್ಬ ಪ್ರಯಾಣಿಕನಿಲ್ಲ. ಅರ್ಧಕ್ಕರ್ಧ ಸೀಟುಗಳೂ ಇಲ್ಲ! ರಿಪೇರಿಯಾದ ಬಸ್ಸನ್ನು ಓಡಿಸಿ ನೋಡಲು ಹೊರಟ ಡ್ರೈವರ್‌ನ ಪಕ್ಕದಲ್ಲಿ, ಕಂಬಿ ಹಿಡಿದು ನಿಂತವರು ಯಾರು?

"ಅಜ್ಜಿ!"

ಬಸ್ಸು ಗೇಟಿನ ಮುಂದೆ ಕಿರ್ ಎಂದು ನಿಂತಿತು. ಮೈದಾನದಲ್ಲಿದ್ದ ಮಕ್ಕಳೆಲ್ಲ ಓಡಿ ಬಂದರು. ಅಜ್ಜಿ ಕೊರಳಿಗೆ ಅಳತೆಯ ಟೇಪ್ ಹಾಕಿಕೊಂಡೇ ಇಳಿದು ಬಂದು, ಕಂಬಿಗಳ ಸಂದಿಯಿಂದ ಮಿಡತೆಯ ತಲೆ, ಕೈ, ಮೊಣಕಾಲು ಮುಟ್ಟಿ ಮುಟ್ಟಿ ನೋಡಿದರು.

"ಎಲ್ಲೋ ಏಟು ಬಿದ್ದಿದ್ದು?"

"ಏಟಲ್ಲ ಅಜ್ಜಿ, ಚೀಟಿ! ಚೀಟೀಲಿ ತಾರೀಖಿಲ್ಲ!"

ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ನಿಂತರು. ಬೈಯಬೇಕೋ ನಗಬೇಕೋ ಎಂದು ಅವರಿಗೇ ಗೊತ್ತಾಗಲಿಲ್ಲ. "ಒಂದು ತಾರೀಖಿಗೆ ಒಂದು ಬಸ್ಸು ತರಿಸಿದೆಯಲ್ಲೋ!" ಎಂದರು. ಕಾವಲುಗಾರ ನಗುತ್ತಾ ಗೇಟು ತೆರೆದ.

ಅಡುಗೆಮನೆಗೆ ಬಂದು ಅಜ್ಜಿ ತಾರೀಖು ಬರೆದರು. ಎಂಟೂ ಐವತ್ತಾರು. ದೊಡ್ಡಮ್ಮ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿ, ಚೀಟಿಯನ್ನು ಪಿನ್ ಮಾಡಿ, ಆಫೀಸಿನ ಕಡೆ ದಡದಡ ನಡೆದರು. ವಾಪಸ್ ಬಂದಾಗ ಒಂಬತ್ತರ ಗಂಟೆ ಹೊಡೆಯುತ್ತಿತ್ತು.

"ಹೋಯ್ತು," ಎಂದರು. "ಸೋಮವಾರದಿಂದ ಬರುತ್ತೆ."

ಚಿನಕುರುಳಿ ಮಿಡತೆಯ ಕೈ ಹಿಡಿದು ಗಿರಗಿರ ಸುತ್ತಿದಳು. ಅಜ್ಜಿ ಮಾತ್ರ ಪಾತ್ರೆಯತ್ತ ಕತ್ತು ಚಾಚಿದರು. "ನನ್ನ ಮೊಮ್ಮಗನ ಬಾಯಿಗೆ ಏನು ಹೋಗುತ್ತೆ ಅಂತ ನಾನೂ ನೋಡ್ಬೇಡ್ವಾ?" ದೊಡ್ಡಮ್ಮ ಒಂದು ಗುಟುಕು ಬಗ್ಗಿಸಿಕೊಟ್ಟರು. ಅಜ್ಜಿಯ ಮುಖ ಹುಣಸೆಹಣ್ಣು ತಿಂದಂತಾಯಿತು.

"ಏನ್ರೀ ಇದು, ಕಾಳು ತೊಳೆದ ನೀರಾ?"

"ಸತ್ವಕ್ಕೆ ನಿಯಮ ಇದೆ. ರುಚಿಗೆ ಯಾರೂ ನಿಯಮ ಬರೆದಿಲ್ಲಮ್ಮ," ಎಂದರು ದೊಡ್ಡಮ್ಮ. "ಸ್ವಲ್ಪ ಬೆಲ್ಲ ಹಾಕಿ ನೋಡೋಣ ಅಂತಿದ್ದೀನಿ."

"ಬೆಲ್ಲ ಕೊನೇಲಿ ಹಾಕಿ. ಮೊದಲೇ ಹಾಕಿದ್ರೆ ಒಡೆಯುತ್ತೆ."

ಇಬ್ಬರೂ ಒಲೆಯ ಮುಂದೆ ಬಗ್ಗಿ ನಿಂತರು. ಹೊರಗೆ ಬಸ್ಸಿನ ಡ್ರೈವರ್ ಮೂರು ಸಲ ಹಾರ್ನ್ ಮಾಡಿದ್ದು ಅವರಿಗೆ ಕೇಳಿಸಲೇ ಇಲ್ಲ.

ಸೋಮವಾರ ಮಧ್ಯಾಹ್ನ ಚಿನಕುರುಳಿ ಎಲ್ಲರಿಗಿಂತ ಮೊದಲು ಊಟದ ಕೋಣೆಗೆ ಬಂದು ಕೂತಳು. ಬೆಳಗಿನಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ದೊಡ್ಡಮ್ಮ ಸಾಲಾಗಿ ಲೋಟ ಇಡುತ್ತಾ ಬಂದರು. ಮಿಡತೆಯ ಮುಂದೆಯೂ ಎಲ್ಲರಂಥದ್ದೇ ಒಂದು ಲೋಟ ಇಟ್ಟರು. ಮುಂದಿನ ಟೇಬಲಿಗೆ ಹೋದರು. ಲೋಟದ ಒಳಗೆ ಮಾತ್ರ ತಿಳಿ ಕಂದು ಬಣ್ಣ.

ಬುಗುರಿ ತಟ್ಟೆ ಎತ್ತಿಕೊಂಡು ಬಂದು ಎದುರಿಗೇ ಕೂತ. ಕತ್ತು ಉದ್ದ ಮಾಡಿದ.

"ಏನೋ ಅದು? ನಿನ್ನ ಲೋಟದಲ್ಲಿ ಏನಿದೆ?"

ಚಿನಕುರುಳಿಯ ಬಾಯಿಗೆ ಇಡೀ ಕತೆ ಒಟ್ಟಿಗೆ ನುಗ್ಗಿ ಬಂತು. ನಿಯಮ ಹನ್ನೊಂದು, ಡಬ್ಬಿಗಳ ಪರೀಕ್ಷೆ, ಅಂಗಡಿಯ ಮೆಟ್ಟಿಲು, ಸೀಟಿಲ್ಲದ ಬಸ್ಸು! ಈಗ ಹೇಳಿದರೆ ಬುಗುರಿ ಬಾಯಿ ಬಿಟ್ಟುಕೊಂಡು ಕೂರುತ್ತಾನೆ. ಇಡೀ ಕೋಣೆ ಬಂದು ಸುತ್ತ ನಿಲ್ಲುತ್ತದೆ.

ಅವಳು ಮಿಡತೆಯ ಕಡೆ ನೋಡಿದಳು. ಅವನು ಬ್ರೆಡ್ಡಿನ ತುಂಡನ್ನು ನಿಧಾನವಾಗಿ ಅಗಿಯುತ್ತಿದ್ದ. ಕಿವಿ ಕೆಂಪಾಗಿರಲಿಲ್ಲ. ಅವಳೂ ಒಂದು ದೊಡ್ಡ ತುಂಡು ಬ್ರೆಡ್ ಮುರಿದು ಬಾಯಿ ತುಂಬ ತುರುಕಿಕೊಂಡಳು.

"ಸೋಯಾ," ಎಂದ ಮಿಡತೆ. "ನಂಗೆ ಹಾಲು ಆಗಲ್ಲ. ಮೂಸಿ ನೋಡ್ತೀಯಾ?"

ಬುಗುರಿ ಮೂಸಿದ. "ಥೂ, ಹಸಿ ಕಾಳು!"

"ಬೆಲ್ಲ ಹಾಕಿದ್ದಾರೆ. ಪರವಾಗಿಲ್ಲ." ಮಿಡತೆ ಒಂದು ಗುಟುಕು ಕುಡಿದು ಲೋಟವನ್ನು ಟೇಬಲಿನ ಮಧ್ಯದಲ್ಲಿ ಇಟ್ಟ.

"ಹ್ಞೂಂ," ಎಂದ ಬುಗುರಿ. ಆಮೇಲೆ ತಟ್ಟೆ ಹತ್ತಿರ ಎಳೆದುಕೊಂಡ. "ಅದಿರ್ಲಿ, ಆ ಮರಳಿನ ಗುಂಡಿ ಹೇಗೋ ದಾಟ್ತೀಯಾ ನೀನು? ನಾನು ಎಷ್ಟು ಸಲ ನೆಗೆದ್ರೂ ಮಧ್ಯಕ್ಕೇ ಬೀಳ್ತೀನಿ."

"ನೀನು ಗುಂಡಿ ನೋಡ್ತಾ ಓಡ್ತೀಯ. ಅದಕ್ಕೇ." ಮಿಡತೆ ಚಮಚವನ್ನು ಟೇಬಲಿನ ಮೇಲೆ ಓಡಿಸಿ ತೋರಿಸಿದ. "ಗುಂಡಿ ಆಚೆ ಒಂದು ಗಿಡ ಇದೆಯಲ್ಲ, ಅದನ್ನ ನೋಡ್ಬೇಕು. ಕೊನೇ ಮೂರು ಹೆಜ್ಜೆ ಚಿಕ್ಕದು ಇಡ್ಬೇಕು. ಮೊದಲನೇ ಸಲ ನೆಗೆದಾಗ ನಾನೂ ಬಿದ್ದಿದ್ದೆ, ಗೊತ್ತಾ? ನಮ್ಮೂರಲ್ಲಿ ಒಂದು ಕಾಲುವೆ ಇತ್ತು, ಅದರೊಳಗೇ ಬಿದ್ದೆ. ಒಂದು ಶೂ ತೇಲಿಹೋಯ್ತು..."

ಬುಗುರಿ ಕೂತಲ್ಲೇ ಕೂತು ಕೇಳುತ್ತಿದ್ದ. ಚಿನಕುರುಳಿ ಬ್ರೆಡ್ ನುಂಗಿದಳು. ಅವಳ ಬಾಯಿ ಈಗ ಖಾಲಿಯಾಗಿತ್ತು. ಆದರೂ ಏನೂ ಹೇಳಬೇಕೆನಿಸಲಿಲ್ಲ. ಇಷ್ಟು ದಿನ ಒಂದೇ ಬೆಂಚಿನಲ್ಲಿ ಕೂತಿದ್ದರೂ ಈ ಕಾಲುವೆಯ ಕತೆಯನ್ನು ಅವಳು ಕೇಳಿರಲಿಲ್ಲ. ಅವನು ಇಷ್ಟೊಂದು ಮಾತಾಡುತ್ತಾನೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

ಅವಳು ಗಲ್ಲಕ್ಕೆ ಕೈಯಿಟ್ಟು ಸ್ವಲ್ಪ ಮುಂದೆ ಬಗ್ಗಿದಳು.

"ಆಮೇಲೆ?" ಎಂದಳು. "ಶೂ ಸಿಕ್ತಾ?"